ಯಲ್ಲವ್ವನ ಅಳತೆ

ಮೈಯಳತೆ ತೆಗೆದೇ ಜಂಪರ್ ಕತ್ತರಿಸಬೇಕು, ಹಳೆಯ ಜಂಪರ್ ಇಟ್ಟು ಕತ್ತರಿಸಕೂಡದು. ರಾಯಚೂರಿನ ಹೊಲಿಗೆ ಪರೀಕ್ಷೆಗೆ ಈ ನಿಯಮ ಬರೆದವನು ನಾನೇ. ಅಳತೆ ಕೊಡಲೆಂದು ಪರೀಕ್ಷಾ ಕೇಂದ್ರದ ಆಯಾ ಯಲ್ಲವ್ವನನ್ನು ಕೂಡಿಸಿದ್ದೆವು. ಹುಡುಗಿಯರು ಟೇಪು ಮುಟ್ಟದೆ ಅವಳಿಂದ ಕೇಳಿ ತರಿಸಿಕೊಂಡ ಹಳೆಯ ಜಂಪರನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿದರು. ದೇವದುರ್ಗದವಳೊಬ್ಬಳು ಮಾತ್ರ ಕತ್ತರಿ ಎತ್ತಲಿಲ್ಲ. ಪಾಸಾದರೆ ಅವಳಿಗೆ ಹೊಲಿಗೆ ಮಷೀನು ಸಿಗುವುದಿತ್ತು. ಕನಿಕರಪಟ್ಟು ನಾನೇ ನಿಯಮ ಮುರಿದೆ.

“ಹೊತ್ತಾತವಾ, ನೀನೂ ಹಂಗೇ ಕತ್ತರಿಸು. ನಾ ನೋಡಂಗಿಲ್ಲ.”

“ಅದು ಯಲ್ಲಕ್ಕನ ಮದವಿ ಜಂಪರ್ರೀ ಸರ್. ಆಮ್ಯಾಲ ಮೂರು ಹಡದಾಳ. ಏಳಬೇ ಯಕ್ಕಾ, ಕೈ ಎತ್ತು.”

ಕೊನೆಗೆ ಯಲ್ಲವ್ವ ಪರದೆಯ ಹಿಂದೆ ತೊಟ್ಟು ನೋಡಿದಾಗ ಬೇರೆ ಯಾರ ಜಂಪರಿನ ಹುಕ್ಕೂ ಸೇರಲಿಲ್ಲ. ಇವಳದು ಸೇರಿತು. ಅದನ್ನು ಬಿಚ್ಚಿ ಕೊಡಲೊಪ್ಪದ ಯಲ್ಲವ್ವ, ತೊಟ್ಟುಕೊಂಡೇ ನನಗೆ ಚಹಾ ತಂದಳು.