ಫ್ಯೂಜ್ ಕಿತ್ತುಕೊಂಡು ಹೋದ ಕಾಕಾ

ಹಂದಿ ಬರದಂತೆ ಹೊಲದ ತಂತಿಬೇಲಿಗೆ ಝಟ್ಕಾ ಕೊಡುವ ಮಶೀನು ಮೊನ್ನೆ ಕೆಟ್ಟಿತು. ಮುಚ್ಚಳ ತೆಗೆದರೆ ಸುಟ್ಟ ವಾರ್ನಿಶ್ಶಿನ ವಾಸನೆ. ಗುಡಗೇರಿಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಕಾಕಾರ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ಹಿಂದೊಮ್ಮೆ ಗೋವಿನಜೋಳ ತೆನೆ ಕಟ್ಟಿ ನಿಂತಾಗಲೇ ಈ ಮಶೀನು ಸುಮ್ಮನಾಗಿತ್ತು. ಹಂದಿಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ, ಬಂದು ಸಾಲುಗಟ್ಟಲೆ ಮಲಗಿಸಿದವು. ನಮ್ಮ ಮನೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬ್ಯಾಟರಿಯನ್ನು ಬೈದು ಹೊಸದು ತಂದರು. ಆದರೂ ತಂತಿಯಲ್ಲಿ ಜೀವವಿಲ್ಲ. ಕಾಕಾರನ್ನು ಕರೆಸಿದೆವು.

ಕಾಕಾ ಬ್ಯಾಟರಿ ಬಿಚ್ಚಿ, ಕೆಪ್ಯಾಸಿಟರಿನ ಎರಡೂ ಕಾಲಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದರು. ಕಿಡಿ ಹಾರಲಿಲ್ಲ. "ಇದು ತುಂಬಿಕೊಂಡು ಒಮ್ಮೆಲೇ ತಂತಿಗಿ ಬಿಡಬೇಕವ್ವಾ. ತುಂಬೇ ಇಲ್ಲ," ಅಂದರು. ಎಡಗೈ ಜೇಬಿನಲ್ಲೇ ಇತ್ತು; ಹೈ ವೋಲ್ಟೇಜಿನ ಕೆಲಸವನ್ನು ಅವರು ಒಂದೇ ಕೈಯಲ್ಲಿ ಮಾಡುತ್ತಿದ್ದರು. ಕೆಪ್ಯಾಸಿಟರ್ ಬಿಡಿಸಿ, ಬ್ಯಾಟರಿ ಹಚ್ಚಿ ಮೀಟರ್ ಇಟ್ಟರೆ ವೋಲ್ಟೇಜು ಸರಿಯಾಗಿ ಏರಿತು. ಮತ್ತೆ ಜೋಡಿಸಿದರೆ ಕುಸಿಯಿತು. ತುಂಬಿಸುವುದು ಸರಿಯಿತ್ತು, ತುಂಬಿಕೊಳ್ಳುವುದೇ ಸೋರುತ್ತಿತ್ತು. ಬೇರೆ ಕೆಪ್ಯಾಸಿಟರ್ ಅಂಗಡಿಯಲ್ಲಿತ್ತು.

"ಅಷ್ಟರಾಗ ಹೊತ್ತ ಮುಣಗತೈತಿ. ಇವತ್ತೊಂದ ರಾತ್ರಿ ಬೋರಿನ ಲೈನ್ ನೇರ ತಂತಿಗಿ ಕೊಡ್ತೀನಿ," ಅಂದರು ನಮ್ಮ ಮನೆಯವರು.

ಕಾಕಾ ವಾದಕ್ಕೆ ನಿಲ್ಲಲಿಲ್ಲ. ಬೋರಿನ ಪೆಟ್ಟಿಗೆ ತೆಗೆದು ಫ್ಯೂಜುಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡರು. "ಝಟ್ಕಾ ಹೊಡದು ಬಿಡತೈತಿ. ಲೈನ್ ಹಿಡದದ್ದ ಬಿಡಂಗಿಲ್ಲಲೇ," ಅಂದು ಗಾಡಿ ಹತ್ತಿದರು.

"ನನ್ನ ಹೊಲಕ್ಕ ಇವರೇನ ಮಾಲಕರೇನ?" ಎಂದು ನಮ್ಮವರು ಉರಿದುಬಿದ್ದರು.

ಮಬ್ಬುಗತ್ತಲಲ್ಲಿ ಬದುವಿನ ಮೇಲೆ ಅತ್ತೆ ಬಂದರು, ಕಂಕುಳಲ್ಲಿ ಬುತ್ತಿ. ಮಶೀನು ಕೆಟ್ಟದ್ದು ಗೊತ್ತಿತ್ತಲ್ಲ, ಬರಿಗೈಯಲ್ಲಿ ತಂತಿ ಎತ್ತಿ ಹಿಡಿದು, ಬಗ್ಗಿ ಒಳಗೆ ಬಂದರು. ನಮ್ಮ ಮನೆಯವರು ಕೂತಲ್ಲೇ ಕೂತುಬಿಟ್ಟರು. ನಾನು ಅವರ ಬರಿಗೈಯನ್ನೇ ನೋಡಿದೆ.

"ಯಾಕ ಹಿಂಗ ನೋಡಾಕತ್ತೀರಿ? ರೊಟ್ಟಿ ತಡಾ ಆತೇನ?" ಅಂದರು ಅತ್ತೆ.

ಕಾಕಾ ಬಂದು ಕೆಪ್ಯಾಸಿಟರ್ ಹಾಕಿದರು. ಮಶೀನು ಟಕ್, ಟಕ್ ಅನ್ನತೊಡಗಿತು. ಫ್ಯೂಜನ್ನು ಅವರಾಗಿ ಕೊಡಲಿಲ್ಲ, ಇವರಾಗಿ ಕೇಳಲಿಲ್ಲ. ಮರುದಿನ ಸಂತೆಗೆ ಹೋದಾಗ ನಾನೇ ಇಸಿದುಕೊಂಡು ಬಂದೆ.

ಕಾಕಾ ಈಗಿಲ್ಲ. ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ಸುಟ್ಟ ಮಶೀನು ಮುಂದಿಟ್ಟುಕೊಂಡು, ಯಾರ ಹತ್ತಿರ ಒಯ್ಯಲಿ ಎಂದು ತೋಚದೆ ಕೂತೆ.

ನಮ್ಮ ಮನೆಯವರು ಎದ್ದು ಬೋರಿನ ಪೆಟ್ಟಿಗೆಗೆ ಹೋದರು. ಫ್ಯೂಜುಗಳನ್ನೆಲ್ಲ ಕಿತ್ತು ತಂದು ನನ್ನ ಉಡಿಯಲ್ಲಿ ಹಾಕಿದರು.