ಸೀಸ ತಿಂದ ಸಾಸಿವೆ

ಸೀತಾಂಗೋಳಿಯ ನಬೀಸುಮ್ಮನ ಮನೆಯಿಂದ ಯಾರೂ ಬರಿಗೈಯಲ್ಲಿ ಮರಳಿದ್ದಿಲ್ಲ. ದಾರಿ ಕೇಳಲು ಬಂದವನ ಕೈಗೂ ಒಂದು ಕಟ್ಟು ಹರಿವೆ ತುರುಕುವ ಹೆಂಗಸು. ಬೇಡ ಅಂದರೆ ಬೈಗುಳವೂ ಸಿಗುತ್ತಿತ್ತು.

ಇಂಥವಳ ಗದ್ದೆಗೇ ಕೇಡು ತಗುಲಿತು. ಮೇಲ್ಬದಿಯಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡೊಂದಿತ್ತು. ಮಾಲಕ ಅದನ್ನು ಮುಚ್ಚಿ ಊರು ಬಿಟ್ಟ. ಮಳೆನೀರಲ್ಲಿ ಇಳಿದ ಸೀಸ ಮಾತ್ರ ಗದ್ದೆಯಲ್ಲೇ ಉಳಿಯಿತು. 2016ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ ಕೃಷಿಭವನದ ಅಧಿಕಾರಿ ದೀಪಶ್ರೀ ಬಂದಳು.

"ಉಮ್ಮಾ, ಇಲ್ಲಿ ತರಕಾರಿ ಬೇಡ. ಸಾಸಿವೆ, ಸೂರ್ಯಕಾಂತಿ ಹಾಕುವ. ಅವು ಸೀಸವನ್ನು ಸ್ವಲ್ಪ ಸ್ವಲ್ಪವೇ ಹೀರ್ತವೆ. ಆಮೇಲೆ ಬುಡಸಮೇತ ಕಿತ್ತು ನಮಗೆ ಕೊಡಿ. ಒಂದೆಲೆಯೂ ಯಾರ ಹೊಟ್ಟೆಗೂ ಹೋಗಬಾರದು. ಆಡಿಗೂ ಇಲ್ಲ."

"ಬೆಳೆಸಬೇಕು, ಆದ್ರೆ ಕೊಡಬಾರದು! ಇದೆಂತ ಕೃಷಿ ಮೇಡಂ?"

ಆದರೂ ಬಿತ್ತಿದಳು. ಸಾಸಿವೆ ಸೊಂಪಾಗಿ ಎದ್ದಿತು. ಸುದ್ದಿ ಕೇಳಿ ಮೊದಲು ಓಡಿ ಬಂದವನು ಗುಜರಿ ಅಂಗಡಿಯ ತಂಸೀರ್, ಕೈಯಲ್ಲಿ ತಕ್ಕಡಿ.

"ಗಿಡದೊಳಗೆ ಸೀಸ ಉಂಟಂತಲ್ಲ ಉಮ್ಮಾ. ಕಿಲೋ ಲೆಕ್ಕದಲ್ಲಿ ತಕ್ಕೊಳ್ತೇನೆ." ಸೂರ್ಯಕಾಂತಿಯ ದಂಟಿಗೆ ಬೆರಳಲ್ಲಿ ಬಡಿದು, ಕಿವಿಯಿಟ್ಟು ಕೇಳಿದ. "ಟಣ್ ಅನ್ನುವುದೇ ಇಲ್ಲವಲ್ಲ!"

ಉಮ್ಮ ದೀಪಶ್ರೀಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟಳು. ದೀಪಶ್ರೀ ಫೋನಿನಲ್ಲೇ ನಕ್ಕಳು. "ಇಡೀ ಗದ್ದೆಯದ್ದು ಒಟ್ಟು ಮಾಡಿದ್ರೆ ಮೀನಿನ ಗಾಳಕ್ಕೆ ಕಟ್ಟುವ ಒಂದು ಸೀಸದ ಗುಂಡು ಆದೀತು ಮಾರಾಯ."

ತಕ್ಕಡಿ ಬಂದ ದಾರಿಯಲ್ಲೇ ಹೋಯಿತು. ಆದರೆ ನೆರೆಮನೆಯ ಟೈಲರ್ ಮಹಾಲಿಂಗನಿಗೆ ಆ ಎಳೆ ಸೊಪ್ಪಿನ ಮೇಲೆ ಕಣ್ಣು. ಕೇಳಿದಾಗಲೆಲ್ಲ ಉಮ್ಮ "ವಿಷ" ಅಂದದ್ದರಿಂದ, ಮುದುಕಿಗೆ ಜಿಪುಣತನ ಬಂದಿದೆ ಎಂದೇ ಅವನು ತಿಳಿದ. ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಒಗ್ಗರಣೆಯ ಪರಿಮಳ ಬಂತು. ಉಮ್ಮ ನೋಡುತ್ತಾಳೆ, ಸಾಸಿವೆ ಸಾಲಿನ ಒಂದು ಮೂಲೆ ಬೋಳು! ಬೇಲಿ ದಾಟಿ ನುಗ್ಗಿದವಳೇ ಅವನ ಕೈಯ ತುತ್ತನ್ನು ತಟ್ಟಿ ಬೀಳಿಸಿ, ಬಟ್ಟಲು ಕಸಿದಳು.

"ಉಣ್ಣುವವನ ಎಲೆಯಿಂದ ಕಸಿಯುವುದಾ ಉಮ್ಮಾ!"

"ಸಾಯ್ಲಿಕ್ಕೆ ಅಷ್ಟು ಅರ್ಜೆಂಟಾ ನಿನಗೆ?"

ಆಗ ಮಹಾಲಿಂಗನ ಮುಖ ಬಿಳುಚಿತು. ಎರಡು ತುತ್ತು ಆಗಲೇ ಒಳಗೆ ಹೋಗಿತ್ತು. ಅಲ್ಲೇ ಚಾಪೆ ಹಾಸಿ ಮಲಗಿದ. ಪೈವಳಿಕೆಯ ಅಕ್ಕನಿಗೆ ಫೋನ್ ಮಾಡಿ ಕಪಾಟಿನ ಕೀ ಎಲ್ಲಿಟ್ಟಿದ್ದೇನೆಂದು ಅಳುತ್ತಾ ಹೇಳಿದ. ಉಮ್ಮ ದೀಪಶ್ರೀಗೆ ಫೋನಾಯಿಸಿದಳು.

"ಎರಡು ತುತ್ತಿಗೆ ಎಂತ ಆಗುವುದಿಲ್ಲ. ದಿನಾ ತಿಂದರೆ ಕಷ್ಟ. ಹೆದರಿಕೆಯಿದ್ದರೆ ಡಾಕ್ಟರಿಗೆ ತೋರಿಸಲಿ."

ಮಹಾಲಿಂಗ ಎದ್ದು ಕುಳಿತ. "ಹಾಗಾದ್ರೆ ನನ್ನ ಊಟ?"

ಉಮ್ಮ ಬೈಯುತ್ತಲೇ ಮನೆಗೆ ಹೋಗಿ ಅನ್ನ, ಬಂಗುಡೆ ಸಾರು ತಂದಿಟ್ಟಳು. ಸಾಯಲು ಮಲಗಿದ್ದವನು ಸಾರಿನ ಪಾತ್ರೆ ಖಾಲಿ ಮಾಡಿದ.

ಎರಡು ವರ್ಷ ಬಿತ್ತಿ ಕಿತ್ತರೂ ಸೀಸ ಇಳಿದದ್ದು ಸ್ವಲ್ಪವೇ. "ಇನ್ನೂ ಹಲವು ವರ್ಷ ಬೇಕು" ಎಂದಳು ದೀಪಶ್ರೀ. ಉಮ್ಮ ಟೆರೇಸಿನಲ್ಲಿ ಗ್ರೋಬ್ಯಾಗ್ ಇಟ್ಟು, ಬೇರೆ ಕಡೆಯ ಮಣ್ಣು ತುಂಬಿ ಬಸಳೆ ಹಬ್ಬಿಸಿದಳು. ಗದ್ದೆಗೆ ಮತ್ತೆ ಸೂರ್ಯಕಾಂತಿ. ಹೂವರಳಿದಾಗ ಕಾಸರಗೋಡಿನ ಕಾಲೇಜು ಮಕ್ಕಳು ಸೆಲ್ಫಿಗೆ ಬಂದರು. ಕಾವಲಿಗೆ ನಿಂತವನು ಮಹಾಲಿಂಗ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಒಂದೇ ಮಾತು: "ನಗಿ, ಎಷ್ಟು ಬೇಕಾದ್ರೂ ನಗಿ. ಮುಟ್ಟಬೇಡಿ!"