ಒಂಟಿ ಹೆಂಗಸಿಗೆ ಕೋಣೆ

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವ ಪೈಕಿ ನಾನು. ಈಗಲೂ ಅಂಥ ಕತೆ ಕೇಳುವ ತಾಳ್ಮೆ ನನಗಿಲ್ಲ. ಹಾಗಿದ್ದೂ ಹೊನ್ನಾವರದಲ್ಲಿ ನಾನೇ ಕಂಡದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಭಯದಿಂದಲ್ಲ, ನಾಚಿಕೆಯಿಂದ.

ಅರವತ್ತರ ದಶಕದ ಮಾತು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಕುಮಟೆಯಿಂದ ಭಟ್ಕಳಕ್ಕೆ ಹೋಗುವವರು ಹೊನ್ನಾವರದಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕಿತ್ತು. ಕೊನೆಯ ಲಾಂಚು ತಪ್ಪಿದವರೇ ನಾನು ಗುಮಾಸ್ತನಾಗಿದ್ದ ಲಾಡ್ಜಿನ ಅನ್ನದಾತರು. ಕೆಳಗೆ ಊಟದ ಹೋಟೆಲು, ಮೇಲೆ ನಾಲ್ಕಾರು ಕೋಣೆ. ಮೆಟ್ಟಿಲ ಬುಡದಲ್ಲಿ ನನ್ನ ಮೇಜು, ಬೆನ್ನ ಹಿಂದೆ ಬೀಗದಕೈ ತೂಗುವ ಹಲಗೆ. ಅಷ್ಟಕ್ಕೇ ನನಗೆ ಮಾಮಲೇದಾರನಾದಷ್ಟು ಗತ್ತು ಬಂದಿತ್ತು.

ಮಾಲೀಕರನ್ನು ನಾವೆಲ್ಲ ಪ್ರಭು ಮಾಮ ಎನ್ನುತ್ತಿದ್ದೆವು. ಒಂಟಿ ಹೆಂಗಸಿಗೆ ಕೋಣೆ ಕೊಡಕೂಡದು ಎಂಬುದು ಅವರ ಕಟ್ಟುನಿಟ್ಟು. ಲಾಡ್ಜಿನ ಹೆಸರು ಕೆಡುತ್ತದೆ ಎಂದು ಆಗ ಎಲ್ಲ ಕಡೆಯೂ ಹಾಗೆಯೇ ಮಾಡುತ್ತಿದ್ದರು. ನಾನಂತೂ ಅದನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬರು ಬಂದು ಮೇಜಿನ ಮುಂದೆ ನಿಂತರು. ಧಾರೇಶ್ವರದಲ್ಲಿ ಮಗಳ ಬಾಣಂತನ ಮುಗಿಸಿ ಭಟ್ಕಳದ ಕಡೆಯ ಬೆಳಕೆ ಊರಿಗೆ ಹೊರಟಿದ್ದರಂತೆ, ಲಾಂಚು ತಪ್ಪಿತಂತೆ.

"ಜೊತೆಗೆ ಗಂಡಸರು ಯಾರಿದಾರೆ?" ಎಂದೆ.

"ಯಾರೂ ಇಲ್ಲ ತಮ್ಮ. ಬೆಳಗಾದ ಕೂಡ್ಲೆ ಹೋಗ್ತೆ."

"ಹಾಗಾದ್ರೆ ಆಗೂದಿಲ್ಲ."

ಇದನ್ನು ಹೇಳುವಾಗ ನಾನು ತಲೆ ಎತ್ತಿ ಅವರ ಮುಖವನ್ನೂ ನೋಡಲಿಲ್ಲ. ಅವರು ಮರುಮಾತಾಡದೆ ಹೊರಗಿನ ಕತ್ತಲೆ ಜಗಲಿಯಲ್ಲಿ ಗಂಟು ಇಟ್ಟುಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಗಂಡಸೊಬ್ಬ ಬಂದ. ಹೆಗಲ ಮೇಲೆ ಟುವಾಲು, ಕಂಕುಳಲ್ಲಿ ಕೊಡೆ, ಆ ಕಡೆಯ ಯಾವ ಬೇಸಾಯಗಾರನಾದರೂ ಆಗಬಹುದಾದ ಮನುಷ್ಯ. ಮೇಜಿನ ಮೇಲೆ ಎಡಗೈ ಊರಿದ. ಅದರ ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

"ನಮ್ಮನೆಯವ್ಳು ಹೊರಗೆ ಕೂತಿದಾಳೆ. ಒಂದು ಕೋಣೆ ಕೊಡಿ. ನೀವೇ ಕರೀರಿ ಅವ್ಳಿಗೆ, ಎರಡನೇ ಸಲ ಕೇಳೂ ಪೈಕಿ ಅಲ್ಲ ಅವ್ಳು."

ಬೀಗದಕೈ ಕೊಟ್ಟೆ. ಆತ ಮೆಟ್ಟಿಲು ಹತ್ತಿ ಹೋದ. ಗಂಡ ಬರುತ್ತಿದ್ದಾನೆಂದು ಈ ಅಮ್ಮ ಮೊದಲೇ ಹೇಳಬಾರದಿತ್ತೇ ಎಂದು ಗೊಣಗುತ್ತ ಬಾಗಿಲಿಗೆ ಹೋಗಿ, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ ಕೂಗಿದೆ: "ಅಮ್ಮಾ, ಒಳಗೆ ಬನ್ನಿ. ನಿಮ್ಮ ಯಜಮಾನ್ರು ಬಂದಿದಾರೆ!"

ಅವರು ಎದ್ದು ಬೆಳಕಿಗೆ ಬಂದರು. ಬೋಳು ಹಣೆ, ಬರಿಗೈ. ಕೊರಳಲ್ಲಿ ಕರಿಮಣಿ ಇರಲಿಲ್ಲ.

"ಎಂತ ಹೇಳ್ತ್ರಿ ತಮ್ಮ? ಅವ್ರು ಹೋಗಿ ಯಾವ ಕಾಲ ಆತು!"

ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ಪ್ರಭು ಮಾಮ ಗಲ್ಲಾದಿಂದ ಎದ್ದು ಬಂದು, "ಗಂಡ ಸತ್ತವ್ರ ಹತ್ರ ಎಂತ ಚೇಷ್ಟೆಯೋ ನಿಂದು?" ಎಂದು ಗದರಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಚೇಷ್ಟೆ ಅಲ್ಲ, ಈಗಷ್ಟೇ ಒಬ್ಬರು ಮೇಲೆ ಹೋದರು, ಎಡಗೈ ಬೆರಳು ತುಂಡಾಗಿತ್ತು ಎಂದು ತೊದಲಿದೆ.

ಆ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕಬ್ಬಿನ ಗಾಣಕ್ಕೆ ಸಿಕ್ಕಿದ್ದು," ಎಂದರು ಮೆಲ್ಲಗೆ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಉಂಡಾರೋ ಇಲ್ವೋ ಕೇಳಿದ್ರಾ ತಮ್ಮ?"

ನಾನು ಕೇಳಿರಲಿಲ್ಲ.

ಎಲ್ಲರೂ ಮೇಲೆ ಹೋದೆವು. ಬಾಗಿಲು ತೆರೆದಿತ್ತು, ಬೀಗದಕೈ ಬೀಗದಲ್ಲೇ ಇತ್ತು, ಒಳಗೆ ಯಾರೂ ಇರಲಿಲ್ಲ. ಇಳಿದು ಬರಲು ನನ್ನ ಮೇಜಿನ ಪಕ್ಕದ ಆ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ಮಂಚದ ಹಾಸಿಗೆಯನ್ನು ಸುತ್ತಿಟ್ಟು, ನೆಲದ ಮೇಲೆ ಚಾಪೆ ಹಾಸಿತ್ತು. ಮಂಚದ ಮೇಲೆ ತನಗೆ ನಿದ್ದೆ ಬರುವುದಿಲ್ಲ ಎಂದು ಆಕೆ ಯಾರಿಗೋ ಹೇಳುವ ಹಾಗೆ ಹೇಳಿ, ಆ ಚಾಪೆಯ ಮೇಲೆ ಕೂತುಬಿಟ್ಟರು. ಪ್ರಭು ಮಾಮನಿಗೂ ಎಬ್ಬಿಸುವ ಧೈರ್ಯವಾಗಲಿಲ್ಲ. "ಆತು, ಇರ್ಲಿ ಬಿಡು," ಎಂದು ಇಳಿದು ಹೋದರು. ನಾನು ಬಾಗಿಲು ಎಳೆಯಲು ಹೋದಾಗ ಆಕೆ, "ಹಾಕ್ಬೇಡಿ ತಮ್ಮ, ತೆರೆದೇ ಇರ್ಲಿ," ಎಂದರು. ಬೆಳಿಗ್ಗೆ ಮೊದಲ ಲಾಂಚಿಗೆ ಹೋದರು.

ನಾನು ಆಗುವುದಿಲ್ಲ ಎಂದು ಕಳಿಸಿದ್ದನ್ನು ಕೇಳಿಸಿಕೊಂಡ ಯಾರೋ ಪುಣ್ಯಾತ್ಮ ಕರುಣೆಯಿಂದ ಸುಳ್ಳು ಹೇಳಿರಬೇಕು ಎಂದು ಪ್ರಭು ಮಾಮ ವಾದಿಸುತ್ತಿದ್ದರು. ಇರಬಹುದು. ಆದರೆ ಆ ಬೆರಳು? ಇಳಿದು ಬಂದದ್ದು ಯಾವ ದಾರಿಯಲ್ಲಿ?

ಬಂದವನು ಸತ್ತವನೋ ಬದುಕಿದ್ದವನೋ ನಾನು ಹೇಳಲಾರೆ. ಯಾರೇ ಆಗಿರಲಿ, ನಾನು ಒಮ್ಮೆ ತಲೆ ಎತ್ತಿ ಆ ತಾಯಿಯ ಮುಖ ನೋಡಿದ್ದರೆ ಆತ ಬರಬೇಕಾಗಿರಲಿಲ್ಲ.